ಕೂದಲೆಳೆಯ ವ್ಯತ್ಯಾಸ

ದೊಡ್ಡಮ್ಮನ ಮೂಗುಬೊಟ್ಟು ಚೆನ್ನಾಗಿ ಬಂದಿತ್ತು. ಬಿಳಿ ಹರಳು, ಹರಳನ್ನು ಹಿಡಿದ ಚಿನ್ನದ ಕಟ್ಟು, ಕಟ್ಟಿನ ಸಂದಿಯಲ್ಲಿ ವರ್ಷಗಳಿಂದ ಕೂತ ಕಪ್ಪು ಗೆರೆ, ಎಲ್ಲವೂ ಬೆರಳಿಟ್ಟು ತೋರಿಸುವಷ್ಟು ಸ್ಪಷ್ಟ. ಕಣ್ಣು ಮಾತ್ರ ಮಂಜುಮಂಜು. ನಾನು ಗುರಿಯಿಟ್ಟಿದ್ದು ಕಣ್ಣಿಗೆ.

ಅದು ಅಡಿಕೆ ಸುಲಿಯುವ ಕಾಲದ ಒಂದು ರಾತ್ರಿ. ತೀರ್ಥಹಳ್ಳಿ ಕಡೆಯ ನಮ್ಮ ಮೂಲಮನೆಯ ಜಗಲಿಯಲ್ಲಿ ಎಂಟು ಹತ್ತು ಹೆಂಗಸರು ಮೆಟ್ಟುಗತ್ತಿಯ ಮುಂದೆ ಕೂತಿದ್ದರು. ಅಡಿಕೆ ಕತ್ತಿಗೆ ತಾಗುವ ಟಕ್ ಟಕ್ ಸದ್ದು, ಸಿಪ್ಪೆಯ ರಾಶಿಯಿಂದ ಏಳುವ ಒಗರು ವಾಸನೆ, ಯಾರದೋ ಮನೆಯ ಮದುವೆಯ ಮಾತು, ಮೇಲೆ ಒಂದೇ ಒಂದು ಬಲ್ಬು. ದೊಡ್ಡಮ್ಮನಿಗೆ ಆಗ ಎಪ್ಪತ್ತೆಂಟು. ಅವಳು ಸುಲಿಯಲೇಬೇಕೆಂದು ಯಾರೂ ಹೇಳುವುದಿಲ್ಲ. ಆದರೂ ಕತ್ತಿಯ ಮುಂದೆ ಕೂತು ಬುಟ್ಟಿ ತುಂಬಿಸದಿದ್ದರೆ ಅವಳಿಗೆ ಆ ವರ್ಷದ ಚಳಿಗಾಲ ಕಳೆದಂತೆ ಆಗುವುದಿಲ್ಲ. ಅವಳ ಎದುರು ಒಂದು ಮೀಟರಿನಷ್ಟು ದೂರದಲ್ಲಿ ಮಣೆಯ ಮೇಲೆ ಕೂತು ನಾನು ಹತ್ತು ಹನ್ನೆರಡು ಚಿತ್ರ ತೆಗೆದೆ. ಕ್ಯಾಮೆರಾದ ಚಿಕ್ಕ ಪರದೆಯಲ್ಲಿ ಎಲ್ಲವೂ ಸರಿಯಾಗೇ ಕಂಡವು. ಶಿವಮೊಗ್ಗಕ್ಕೆ ಬಂದು ಕಂಪ್ಯೂಟರಿಗೆ ಹಾಕಿ ದೊಡ್ಡದು ಮಾಡಿ ನೋಡಿದಾಗ ಹನ್ನೆರಡರಲ್ಲಿ ಹನ್ನೊಂದು ಹೀಗೆಯೇ. ಮೂಗುಬೊಟ್ಟಿದೆ, ಕಣ್ಣಿಲ್ಲ.

ನನ್ನದು ಡಿಜಿಟಲ್ ರೇಂಜ್‌ಫೈಂಡರ್ ಕ್ಯಾಮೆರಾ. ಹನ್ನೊಂದು ವರ್ಷದಿಂದ ಜೊತೆಗಿದೆ, ಅದಕ್ಕೂ ಮೊದಲು ಇನ್ನೊಬ್ಬರ ಕೈಯಲ್ಲಿ ನಾಲ್ಕು ವರ್ಷ ಇತ್ತು. ಅದರ ಹೆಸರು ಇಲ್ಲಿ ಹೇಳುವುದಿಲ್ಲ. ಹೇಳಿದರೆ ಮುಂದಿನ ಮಾತೆಲ್ಲ ಒಂದು ಕಡೆ ದೂರಿನಂತೆ, ಇನ್ನೊಂದು ಕಡೆ ಜಾಹೀರಾತಿನಂತೆ ಕೇಳಿಸುತ್ತದೆ. ನನಗೆ ಬೇಕಾಗಿರುವುದು ಎರಡೂ ಅಲ್ಲ. ಒಂದು ಯಂತ್ರವನ್ನು ಇಷ್ಟು ಕಾಲ ನಂಬಿ ನಡೆದವನು, ಆ ನಂಬಿಕೆ ಎಲ್ಲೆಲ್ಲಿ ಗಟ್ಟಿಯಾಗಿತ್ತು, ಎಲ್ಲೆಲ್ಲಿ ಸಡಿಲವಾಯಿತು ಎಂಬುದನ್ನು ಹೇಳಬೇಕು.

ಚಿತ್ರ ಕೆಟ್ಟಾಗ ಕ್ಯಾಮೆರಾದ ಮೇಲೆ ಅನುಮಾನ ಬರುವುದು ಕೊನೆಗೆ. ದೊಡ್ಡಮ್ಮ ಮುಂದಕ್ಕೆ ಬಾಗಿರಬೇಕು ಅಂದುಕೊಂಡೆ. ಆಮೇಲೆ ನನ್ನ ಕಣ್ಣಿನ ಮೇಲೆ ಅನುಮಾನ ಬಂತು; ಚಾಳೀಸು ದಾಟಿ ಹತ್ತು ವರ್ಷವಾಗಿದೆ, ಕನ್ನಡಕದ ನಂಬರು ಬದಲಾಗಿರಬಹುದು. ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಬಂದೆ, ನಂಬರು ಬದಲಾಗಿರಲಿಲ್ಲ. ಕಡೆಗೆ ಒಂದು ಭಾನುವಾರ ಮೇಜಿನ ಮೇಲೆ ಒಂಬತ್ತು ಅಡಿಕೆಗಳನ್ನು ಓರೆಯಾಗಿ ಸಾಲು ಇಟ್ಟೆ. ಒಂದೊಂದೂ ಅದರ ಹಿಂದಿನದಕ್ಕಿಂತ ಮೂರು ಸೆಂಟಿಮೀಟರು ನನಗೆ ಹತ್ತಿರ. ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಕಟ್ಟಿ, ಟೇಪು ಹಿಡಿದು ಒಂದು ಮೀಟರು ಅಳೆದು, ಲೆನ್ಸನ್ನು ಪೂರ್ತಿ ತೆರೆದು, ನಡುವಿನ ಐದನೆಯ ಅಡಿಕೆಗೆ ಗುರಿಯಿಟ್ಟು ಒತ್ತಿದೆ. ಸ್ಪಷ್ಟವಾಗಿ ಬಂದದ್ದು ಅದರ ಮುಂದಿನದು. ಮತ್ತೆ ಒತ್ತಿದೆ, ಮತ್ತೆ ಅದೇ. ಹತ್ತು ಸಲ ಮಾಡಿದರೂ ಹತ್ತು ಸಲವೂ ನಾನು ನೋಡಿದ ಅಡಿಕೆಯ ಮುಂದಿನ ಅಡಿಕೆ. ತಪ್ಪು ಒಂದೇ ಸಮನಾಗಿತ್ತು. ಅದನ್ನು ನೋಡಿ ನನಗೆ ಬೇಸರದ ಜೊತೆಗೆ ಒಂದು ಬಗೆಯ ಸಮಾಧಾನವೂ ಆಯಿತು. ಒಂದೇ ಸಮನಾದ ತಪ್ಪನ್ನು ತಿದ್ದಬಹುದು.

ಹೈಸ್ಕೂಲಿನಲ್ಲಿ ಗಣಿತ ಹೇಳುವವನಿಗೆ ಈ ಕ್ಯಾಮೆರಾ ಇಷ್ಟವಾದದ್ದೇ ಅದರೊಳಗಿನ ತ್ರಿಕೋನದಿಂದ. ಎದುರಿಗೆ ಎರಡು ಕಿಟಕಿಗಳಿವೆ, ಒಂದು ದೊಡ್ಡದು, ಒಂದು ಚಿಕ್ಕದು, ನಡುವೆ ಒಂದಷ್ಟು ಅಂತರ. ಎದುರಿಗಿರುವ ವಸ್ತು ಎರಡೂ ಕಿಟಕಿಯಿಂದ ಸ್ವಲ್ಪ ಬೇರೆಬೇರೆ ಕೋನದಲ್ಲಿ ಕಾಣುತ್ತದೆ. ಚಿಕ್ಕ ಕಿಟಕಿಯ ನೋಟವನ್ನು ಕನ್ನಡಿ, ಪ್ರಿಸಂಗಳ ಮೂಲಕ ತಂದು ದೊಡ್ಡ ಕಿಟಕಿಯ ನೋಟದ ನಡುವೆ ಒಂದು ಮಬ್ಬು ಚೌಕವಾಗಿ ಕೂರಿಸಿರುತ್ತಾರೆ. ಕಣ್ಣಿಟ್ಟು ನೋಡಿದರೆ ಆ ಚೌಕದಲ್ಲಿ ಎಲ್ಲವೂ ಎರಡೆರಡು: ಎರಡು ಮೂಗು, ಎರಡು ಕಂಬ, ಎರಡು ಬಲ್ಬು. ಲೆನ್ಸಿನ ಉಂಗುರ ತಿರುಗಿಸುತ್ತ ಹೋದರೆ ಎರಡನೆಯದು ಮೆಲ್ಲಗೆ ಸರಿದು ಮೊದಲನೆಯದರ ಮೇಲೆ ಕೂರುತ್ತದೆ. ಎರಡು ಒಂದಾದ ಆ ಕ್ಷಣದಲ್ಲಿ ದೂರ ಸರಿಹೊಂದಿತು ಎಂದರ್ಥ. ಹಿಂದೆ ಫಿರಂಗಿಯವರು ಶತ್ರುವಿನ ದೂರ ಅಳೆಯುತ್ತಿದ್ದದ್ದೂ ಇದೇ ಲೆಕ್ಕದಿಂದ.

ಒಳಗೆ ನಡೆಯುವುದು ಶುದ್ಧ ಕೈಕೆಲಸದ ಸಂಗತಿ. ಉಂಗುರ ತಿರುಗಿದಾಗ ಲೆನ್ಸಿನ ಹಿಂಭಾಗದ ಲೋಹದ ಅಂಚು ಹಿಂದೆ ಮುಂದೆ ಚಲಿಸುತ್ತದೆ. ಕ್ಯಾಮೆರಾದ ಬಾಯೊಳಗೆ ಒಂದು ಪುಟ್ಟ ಗಾಲಿ ಆ ಅಂಚಿಗೆ ಒರಗಿಕೊಂಡಿರುತ್ತದೆ. ಅಂಚು ಸರಿದಷ್ಟು ಗಾಲಿ ಸರಿಯುತ್ತದೆ, ಗಾಲಿಯ ಹಿಂದಿನ ತೋಳು ಸರಿಯುತ್ತದೆ, ತೋಳು ಸರಿದಷ್ಟು ಬಿಂಬ ಸರಿಯುತ್ತದೆ. ಇಷ್ಟರಲ್ಲಿ ಕರೆಂಟಿನ ಕೆಲಸ ಏನೂ ಇಲ್ಲ. ಬ್ಯಾಟರಿ ಖಾಲಿಯಾದ ಕ್ಯಾಮೆರಾವನ್ನು ಕಣ್ಣಿಗೆ ಹಿಡಿದರೂ ಬಿಂಬಗಳು ಕೂಡುತ್ತವೆ, ಅಗಲುತ್ತವೆ. ಚಿತ್ರ ತೆಗೆಯಲು ಬ್ಯಾಟರಿ ಬೇಕು, ನೋಡಲು ಬೇಡ. ಹಿತ್ತಿಲ ಬೇಲಿಯ ಮೇಲೆ ಬಂದು ಕೂರುವ ಹಕ್ಕಿಯನ್ನು ಎಷ್ಟೋ ಸಲ ಸ್ವಿಚ್ಚು ಹಾಕದೆಯೇ ಅದರಲ್ಲಿ ನೋಡುತ್ತ ನಿಂತಿದ್ದೇನೆ.

ಆ ಜಗಲಿಯಂಥ ಜಾಗದಲ್ಲಿ ಇದು ಎಷ್ಟು ಒಳ್ಳೆಯದೆಂದು ಬೇರೆ ಕ್ಯಾಮೆರಾ ಹಿಡಿದು ಅಲ್ಲಿ ಕೂತವರಿಗೆ ಗೊತ್ತು. ನನ್ನ ಅಳಿಯನ ಕ್ಯಾಮೆರಾ ಅರೆಗತ್ತಲೆಯಲ್ಲಿ ಗುರಿ ಸಿಗದೆ ಲೆನ್ಸನ್ನು ಹಿಂದಕ್ಕೂ ಮುಂದಕ್ಕೂ ಓಡಿಸುತ್ತದೆ, ದಾರಿ ಕಾಣಲೆಂದು ತಾನೇ ಒಂದು ದೀಪ ಹೊತ್ತಿಸುತ್ತದೆ. ಹೆಂಗಸರು ಮಾತು ನಿಲ್ಲಿಸಿ ಸೆರಗು ಸರಿಮಾಡಿಕೊಳ್ಳುತ್ತಾರೆ. ನನ್ನದಕ್ಕೆ ಬೇಕಾದದ್ದು ಕತ್ತಿಯ ಅಂಚಿನ ಹೊಳಪು, ಇಲ್ಲವೇ ಕನ್ನಡಕದ ಚೌಕಟ್ಟಿನ ಒಂದು ಗೆರೆ. ಅಷ್ಟು ಸಿಕ್ಕಿದರೆ ಸಾಕು. ಕ್ಲಿಕ್ ಎಂಬ ಸದ್ದೂ ಅಡಿಕೆಯ ಸದ್ದಿನೊಳಗೆ ಸೇರಿಹೋಗುತ್ತದೆ. ಇನ್ನೊಂದು ವಿಶೇಷ, ಕಿಟಕಿಯೊಳಗೆ ಚಿತ್ರದ ಎಲ್ಲೆ ಒಂದು ಬೆಳಕಿನ ಚೌಕಟ್ಟಾಗಿ ಕಾಣುತ್ತದೆ, ಅದರ ಹೊರಗಿನದೂ ಕಾಣುತ್ತಿರುತ್ತದೆ. ಚೌಕಟ್ಟಿನೊಳಗೆ ಯಾರ ಕೈ ಬರಲಿದೆ, ಯಾವ ಮಗು ನುಗ್ಗಲಿದೆ ಎಂಬುದು ಮೊದಲೇ ತಿಳಿಯುತ್ತದೆ.

ಇಷ್ಟು ಸರಳವಾದದ್ದು ಕೆಟ್ಟದ್ದು ಹೇಗೆ? ನನ್ನ ಊಹೆಯಂತೆ ಬಸ್ಸಿನಲ್ಲಿ. ಆ ಅಡಿಕೆ ಕಾಲಕ್ಕೆ ಮೊದಲು ಒಂದು ಮದುವೆಗೆಂದು ಆಗುಂಬೆ ಘಾಟಿ ಇಳಿದು ಉಡುಪಿಗೆ ಹೋಗಿದ್ದೆ. ಸೀಟು ಸಿಕ್ಕದೆ ಚೀಲವನ್ನು ಬಸ್ಸಿನ ನೆಲದ ಮೇಲೆ ಇಟ್ಟಿದ್ದೆ, ಹಿಂಬದಿಯ ಗಾಲಿಯ ನೇರಕ್ಕೆ. ಹೋಗುವಾಗಲೂ ಬರುವಾಗಲೂ ಹಾಗೆಯೇ. ಕ್ಯಾಮೆರಾ ಬಿದ್ದಿಲ್ಲ, ಏಟು ತಿಂದಿಲ್ಲ. ಗಂಟೆಗಟ್ಟಲೆ ನಡುಗಿದೆ. ಆ ನಡುಕಕ್ಕೆ ಒಂದು ತಿರುಪು ಎಷ್ಟು ಸಡಿಲವಾಗಿರಬಹುದು?

ಅದನ್ನು ಒಂದು ದಿನ ಲೆಕ್ಕ ಹಾಕಿದೆ. 50 ಮಿಲಿಮೀಟರ್ ಲೆನ್ಸು, ವಸ್ತು 1 ಮೀಟರ್ ದೂರ. ಅಲ್ಲಿಂದ ವಸ್ತು ಎರಡೂವರೆ ಸೆಂಟಿಮೀಟರು ಸರಿದರೆ, ಅಂದರೆ ಕಣ್ಣಿನಿಂದ ಮೂಗುಬೊಟ್ಟಿಗಿರುವ ಅಂತರದಷ್ಟು ಸರಿದರೆ, ಲೆನ್ಸಿನ ಹಿಂದೆ ಬಿಂಬ ಸರಿಯುವುದು ಸುಮಾರು 0.07 ಮಿಲಿಮೀಟರ್. ಮನುಷ್ಯನ ಕೂದಲಿನ ದಪ್ಪವೂ ಹೆಚ್ಚುಕಡಿಮೆ ಅಷ್ಟೇ. ಕೂದಲೆಳೆಯ ವ್ಯತ್ಯಾಸ ಎಂಬ ಮಾತನ್ನು ಹುಡುಗನಾಗಿದ್ದಾಗಿನಿಂದ ಆಡುತ್ತ ಬಂದಿದ್ದೆ. ಅದು ಕರಿಹಲಗೆಯ ಮೇಲೆ ಅಂಕಿಯಾಗಿ ಎದುರು ನಿಂತದ್ದು ಆವತ್ತೇ. ದೊಡ್ಡಮ್ಮನ ಕಣ್ಣಿಗೂ ಮೂಗುಬೊಟ್ಟಿಗೂ ನಡುವೆ ಇದ್ದದ್ದು ನಿಜವಾಗಿಯೂ ಒಂದು ಕೂದಲೆಳೆ.

ಈ ಬಗೆಯ ಕ್ಯಾಮೆರಾ ಹುಟ್ಟಿದ್ದು ಇಂಥ ಕಠಿಣ ಲೆಕ್ಕಕ್ಕಾಗಿ ಅಲ್ಲ. ಜರ್ಮನಿಯ ವೆಟ್ಜ್ಲರ್ ಊರಿನಲ್ಲಿ ಓಸ್ಕರ್ ಬಾರ್ನಾಕ್ ರೂಪಿಸಿದ ಪುಟ್ಟ ಕ್ಯಾಮೆರಾ 1925ರಲ್ಲಿ ಲೈಕಾ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಅದರಲ್ಲಿ ದೂರವನ್ನು ಅಂದಾಜಿನಲ್ಲಿ ಇಟ್ಟುಕೊಳ್ಳಬೇಕಿತ್ತು. 1932ರಲ್ಲಿ ಲೈಕಾದ ಎರಡನೆಯ ಮಾದರಿಯೂ ಜ಼ೈಸ್ ಇಕಾನಿನ ಕಾಂಟ್ಯಾಕ್ಸೂ ಲೆನ್ಸಿಗೆ ಜೋಡಿಸಿದ ದೂರಮಾಪಕವನ್ನು ಒಳಗೇ ಇಟ್ಟುಕೊಂಡು ಬಂದವು. ನೋಡುವ ಕಿಟಕಿ, ಅಳೆಯುವ ಕಿಟಕಿ ಎರಡನ್ನೂ ಒಂದು ಮಾಡಿದ ಲೈಕಾ ಎಂ3 ಬಂದದ್ದು 1954ರಲ್ಲಿ. ಲೆನ್ಸು ಕೂರುವ ಬಳೆಗೂ ಫಿಲ್ಮಿಗೂ ನಡುವೆ ಅಂದು ಇಟ್ಟ 27.80 ಮಿಲಿಮೀಟರ್ ಅಂತರ ಇಂದಿನ ಡಿಜಿಟಲ್ ಮಾದರಿಗಳಲ್ಲೂ ಹಾಗೆಯೇ ಉಳಿದಿದೆ. ಆರಂಭದ ಎಂ3ಗಳು ಎಪ್ಪತ್ತು ವರ್ಷ ದಾಟಿಯೂ ಓಡುತ್ತಿವೆ. ಅವಕ್ಕೆ ಬ್ಯಾಟರಿಯೇ ಬೇಡ. ಎಂ3ಕ್ಕೂ ಮೊದಲಿನ ಇಂಥದೇ ಪುಟ್ಟ ಲೈಕಾ ಹಿಡಿದು ಛಾಯಾಗ್ರಾಹಕ ಹೆನ್ರಿ ಕಾರ್ತಿಯೇ ಬ್ರೆಸ್ಸೋ ನಮ್ಮ ದೇಶ ಸುತ್ತಿದ. 1948ರ ಜನವರಿಯಲ್ಲಿ ಗಾಂಧೀಜಿಯ ಕೊನೆಯ ದಿನಗಳನ್ನೂ ಅವರ ಅಂತಿಮಯಾತ್ರೆಯನ್ನೂ ಅವನು ತೆಗೆದ ಚಿತ್ರಗಳನ್ನು ನಮ್ಮ ಪೀಳಿಗೆಯವರು ನೋಡಿಯೇ ಬೆಳೆದದ್ದು. ಅವುಗಳಲ್ಲಿ ಕೆಲವು ಅಲುಗಿವೆ, ಕೆಲವು ಮಸುಕು. ಅದರಿಂದ ಅವುಗಳ ಬೆಲೆ ಒಂದು ಕಾಸೂ ಇಳಿದಿಲ್ಲ.

ಫಿಲ್ಮಿಗೆ ಒಂದು ಔದಾರ್ಯವಿತ್ತು. ಅದು ಕನ್ನಡಿಯಂತೆ ಚಪ್ಪಟೆಯಾಗಿ ಕೂರುವುದಿಲ್ಲ, ಅದರ ಲೇಪಕ್ಕೇ ಒಂದು ದಪ್ಪವಿದೆ. ಅಚ್ಚು ಹಾಕಿಸುತ್ತಿದ್ದದ್ದು ಅಂಗೈಯಗಲ, ಬಹಳವೆಂದರೆ ಗೋಡೆಗೆ ನೇತುಹಾಕುವಷ್ಟು. ಕೂದಲೆಳೆಯ ತಪ್ಪು ಅಲ್ಲಿ ಯಾರ ಕಣ್ಣಿಗೂ ಬೀಳದೆ ಮುಚ್ಚಿಹೋಗುತ್ತಿತ್ತು. ಡಿಜಿಟಲ್ ಸೆನ್ಸರ್ ಗಾಜಿನ ಹಾಗೆ ಚಪ್ಪಟೆ. ಒಂದು ಕೋಟಿ ಪಿಕ್ಸೆಲ್ಲಿನ ಚಿತ್ರವನ್ನು ಕಂಪ್ಯೂಟರಿನಲ್ಲಿ ಪೂರ್ತಿ ಹಿಗ್ಗಿಸಿದರೆ ಅದು ಸುಮಾರು ಒಂದು ಮೀಟರ್ ಅಗಲದ ಚಿತ್ರವನ್ನು ಮೂಗು ತಾಗಿಸಿ ನೋಡಿದ ಹಾಗೆ. ಹಾಗೆ ನೋಡುವ ಚಟ ನಮಗೆಲ್ಲ ಹತ್ತಿದೆ. ಅಜ್ಜನ ಕಾಲದ ತಿರುಪು, ಗಾಲಿ, ತೋಳುಗಳಿಂದ ನಾವು ಮೊಮ್ಮಕ್ಕಳ ಕಾಲದ ನಿಖರತೆ ಕೇಳುತ್ತಿದ್ದೇವೆ. ಅದು ಬಹುಪಾಲು ಕೊಡುತ್ತದೆ ಎಂಬುದೇ ನನಗೆ ದೊಡ್ಡದಾಗಿ ಕಾಣುತ್ತದೆ.

ಹಳೆಯದಕ್ಕೆ ಹೊಸದನ್ನು ಬೆಸೆಯುವ ಕೆಲಸದಲ್ಲಿ ಮೊದಲು ಕೈ ಹಾಕಿದ್ದು ಪ್ರಿಂಟರುಗಳಿಗೆ ಹೆಸರಾದ ಜಪಾನಿನ ಎಪ್ಸನ್. 2004ರಲ್ಲಿ ಬಂದ ಅದರ ಆರ್-ಡಿ1ರಲ್ಲಿ 61 ಲಕ್ಷ ಪಿಕ್ಸೆಲ್ಲಿನ ಸೆನ್ಸರ್ ಇತ್ತು. ಸುತ್ತಲು ಫಿಲ್ಮಿಲ್ಲದಿದ್ದರೂ ಪ್ರತಿ ಚಿತ್ರಕ್ಕೂ ಹೆಬ್ಬೆರಳಿನಿಂದ ಎಳೆಯಬೇಕಾದ ಸನ್ನೆ ಇತ್ತು; ಅದು ಶಟರಿಗೆ ಬಿಗಿ ಕೊಡುತ್ತಿತ್ತು. ಬ್ಯಾಟರಿ ಎಷ್ಟಿದೆ, ಇನ್ನೆಷ್ಟು ಚಿತ್ರ ಹಿಡಿಯುತ್ತದೆ ಎಂಬುದನ್ನು ನೆತ್ತಿಯ ಮೇಲೆ ಗಡಿಯಾರದಂಥ ಮುಳ್ಳುಗಳು ತೋರಿಸುತ್ತಿದ್ದವು. ಲೈಕಾದ ಎಂ8 2006ರಲ್ಲಿ ಬಂತು. ಕಣ್ಣಿಗೆ ಕಾಣದ ಅವಕೆಂಪು ಬೆಳಕು ಅದರ ಸೆನ್ಸರಿಗೆ ಕಾಣುತ್ತಿತ್ತು, ಹಾಗಾಗಿ ಕೆಲವು ಸಿಂಥೆಟಿಕ್ ಕಪ್ಪು ಬಟ್ಟೆಗಳು ಚಿತ್ರದಲ್ಲಿ ನೇರಳೆಗೆಂಪಾಗಿ ಬಂದವು. ಕಂಪನಿ ಕೊಂಡವರಿಗೆಲ್ಲ ಎರಡೆರಡು ಫಿಲ್ಟರುಗಳನ್ನು ಪುಕ್ಕಟೆ ಕೊಟ್ಟಿತು. 2009ರ ಎಂ9ರ ಸೆನ್ಸರು ಹಳೆಯ ಫಿಲ್ಮಿನಷ್ಟೇ ಅಗಲವಾಗಿತ್ತು. ಅದರ ಮೇಲೆ ಹೊದಿಸಿದ ತೆಳುಗಾಜು ಕೆಲವು ಕ್ಯಾಮೆರಾಗಳಲ್ಲಿ ಕಾಲಕ್ರಮದಲ್ಲಿ ಸವೆಯುತ್ತದೆ ಎಂದು 2014ರಲ್ಲಿ ಕಂಪನಿಯೇ ಒಪ್ಪಿಕೊಂಡಿತು. ಬೇರೆ ಗಾಜಿನ ಸೆನ್ಸರ್ ತಯಾರಿಸಿ, 2017ರವರೆಗೆ ಹಣ ಪಡೆಯದೆ ಬದಲಿಸಿಕೊಟ್ಟಿತು. ಇದನ್ನೆಲ್ಲ ಓದಿದಾಗ ಒಂದು ಮಾತು ಹೊಳೆಯಿತು. ಈ ಎರಡೂ ತೊಂದರೆಗಳು ಬಂದದ್ದು ಹೊಸ ಭಾಗದಲ್ಲಿ. ಮುಪ್ಪಿನ ಕಿಟಕಿ, ಗಾಲಿ, ತೋಳುಗಳು ಎಂದಿನಂತೆ ಇದ್ದವು.

ನಮ್ಮ ಕಡೆ ಯಾವ ಕ್ಯಾಮೆರಾಗಾದರೂ ದೊಡ್ಡ ಶತ್ರು ಮಳೆಗಾಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ. ಮೂಲಮನೆ ಅಲ್ಲಿಂದ ದೂರವಿಲ್ಲ. ಜೂನಿನಿಂದ ಸೆಪ್ಟೆಂಬರಿನವರೆಗೆ ಅಲ್ಲಿ ಚಪ್ಪಲಿಗೆ ಬೂಷ್ಟು, ಬೆಲ್ಟಿಗೆ ಬೂಷ್ಟು, ಪುಸ್ತಕದ ರಟ್ಟಿಗೆ ಬೂಷ್ಟು. ಉಪ್ಪು ನೀರಾಗುತ್ತದೆ, ಬೆಂಕಿಪೊಟ್ಟಣವನ್ನು ಒಲೆಯ ಬಳಿ ಇಟ್ಟುಕೊಳ್ಳಬೇಕು. ಲೆನ್ಸಿನ ಗಾಜಿನ ಮೇಲೂ ಬೂಷ್ಟು ಬೆಳೆಯುತ್ತದೆ. ಟಾರ್ಚು ಬಿಟ್ಟು ನೋಡಿದರೆ ಜೇಡರ ಬಲೆಯ ಹಾಗೆ, ಹಿಮದ ಹೂವಿನ ಹಾಗೆ ಎಳೆಗಳು. ಒಮ್ಮೆ ಬೇರು ಬಿಟ್ಟರೆ ಒರೆಸಿದ ಮೇಲೂ ಗಾಜಿನ ಲೇಪದ ಮೇಲೆ ಅದರ ಗುರುತು ಉಳಿಯುತ್ತದೆ. ನನ್ನ ಮೊದಲ ಲೆನ್ಸು ಹೀಗೆ ಹೋಯಿತು.

ಅಂದಿನಿಂದ ಮಳೆಗಾಲದಲ್ಲಿ ಕ್ಯಾಮೆರಾ ಇರುವುದು ರಬ್ಬರಿನ ಬಿಗಿ ಮುಚ್ಚಳದ ಒಂದು ದೊಡ್ಡ ಡಬ್ಬದಲ್ಲಿ. ಜೊತೆಗೆ ತೆಳುಬಟ್ಟೆಯ ಚೀಲದಲ್ಲಿ ಅರ್ಧ ಕಿಲೋ ಸಿಲಿಕಾ ಹರಳು. ಒಣಗಿದ್ದಾಗ ಅವು ಕಡು ನೀಲಿ. ತೇವ ಕುಡಿದಂತೆ ಅಂಚಿನಿಂದ ಬಣ್ಣ ಬಿಡುತ್ತ ನಸುಗೆಂಪಿಗೆ ತಿರುಗುತ್ತವೆ. ಶಿವಮೊಗ್ಗದ ಮಳೆಗೆ ಮೂರು ವಾರ ತಾಳುತ್ತವೆ. ಆಮೇಲೆ ಅದಕ್ಕೆಂದೇ ಇಟ್ಟ ಹಳೆಯ ಕಾವಲಿಯ ಮೇಲೆ, ಕಿಟಕಿ ತೆರೆದಿಟ್ಟು ಸಣ್ಣ ಉರಿಯಲ್ಲಿ ಬಿಸಿ ಮಾಡಬೇಕು. ಕುಡಿದ ನೀರು ಹಬೆಯಾಗಿ ಹೋಗಿ ಹರಳು ಮತ್ತೆ ನೀಲಿಯಾಗುತ್ತದೆ. ಆಷಾಢದ ಭಾನುವಾರಗಳಲ್ಲಿ ಈ ಕೆಲಸ ನನ್ನದು. ನೀಲಿ ಮರಳುವುದನ್ನು ನೋಡುತ್ತ ಒಲೆಯ ಮುಂದೆ ನಿಲ್ಲುವುದು ನನಗೆ ಪ್ರಿಯ. ಡಬ್ಬದಲ್ಲಿ ಮುಚ್ಚಿಟ್ಟರೆ ಮುಗಿಯಿತು ಎಂದೂ ಅಲ್ಲ. ವಾರಕ್ಕೊಮ್ಮೆ ತೆಗೆದು, ಬಿಸಿಲಿದ್ದರೆ ಕಿಟಕಿಯ ಬಳಿ ಹಿಡಿದು, ಹತ್ತು ಹದಿನೈದು ಬಾರಿ ಶಟರ್ ಒತ್ತಿ, ಉಂಗುರವನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿ ಇಡುತ್ತೇನೆ. ಬಳಸದೆ ಇಟ್ಟ ಬಾವಿಯ ನೀರು ಕೆಡುತ್ತದೆ ಎನ್ನುತ್ತಾರಲ್ಲ, ಹಾಗೆ.

ಇಷ್ಟು ಜೋಪಾನ ಮಾಡಿದ್ದಕ್ಕೆ ಅದೂ ನಡೆದುಕೊಂಡಿದೆ. ಹನ್ನೊಂದು ವರ್ಷಕ್ಕೆ ನಲವತ್ತು ಸಾವಿರ ಚಿತ್ರ. ಶಟರ್ ಒಂದು ದಿನವೂ ಹಟ ಮಾಡಿಲ್ಲ. ಮೈಯ ಕಪ್ಪು ಬಣ್ಣ ಮೂಲೆಗಳಲ್ಲಿ ಸವೆದು ಲೋಹ ಕಾಣುತ್ತಿದೆ. ಬ್ಯಾಟರಿಗಳದ್ದೇ ಬೇರೆ ಕಥೆ. ಮೊದಲಿನ ಎರಡೂ ಮುದಿಯಾದವು, ಅದೇ ಅಳತೆಯ ಬೇರೆಯವರ ಬ್ಯಾಟರಿ ತರಿಸಿದೆ, ಅದರಲ್ಲಿ ಒಂದು ಉಬ್ಬಿ ಹೊರಬರದೆ ಅರ್ಧ ದಿನ ಕಾಡಿತು. ಒಂದು ಸಲ, ತಂಗಿಯ ಮಗಳ ನಿಶ್ಚಿತಾರ್ಥದ ದಿನ, ಕಾರ್ಡಿಗೆ ಬರೆಯುತ್ತಿದ್ದ ಹಾಗೆಯೇ ದೀಪ ಮಿಟುಕುತ್ತ ನಿಂತುಬಿಟ್ಟಿತು. ಬ್ಯಾಟರಿ ತೆಗೆದು ಹಾಕಿದ ಮೇಲೆ ಎಚ್ಚರವಾಯಿತು. ಅಷ್ಟರಲ್ಲಿ ತಾಂಬೂಲ ಬದಲಾಯಿಸಿಕೊಂಡು ಆಗಿತ್ತು. ಆ ಹೊತ್ತು ಮತ್ತೆ ಬರುವುದಿಲ್ಲ. ತಂಗಿ ಏನೂ ಅನ್ನಲಿಲ್ಲ. ಅವಳು ಅನ್ನದೆ ಇದ್ದದ್ದು ನನಗೆ ಈಗಲೂ ನೋವು.

ಕೈಕೊಡುವುದು ಎಂದು ನಾವು ಹೇಳುವುದು ಇಂಥದಕ್ಕೇ. ನಂಬಿದವರನ್ನು ನಡುದಾರಿಯಲ್ಲಿ ಬಿಟ್ಟರೆ ಕೈಕೊಟ್ಟ ಎನ್ನುತ್ತೇವೆ, ಜೊತೆಗೆ ನಿಂತರೆ ಕೈಹಿಡಿದ ಎನ್ನುತ್ತೇವೆ. ಎರಡರಲ್ಲೂ ಕೈಯೇ ಇದೆ. ಕೈಯಲ್ಲಿ ಹಿಡಿಯುವ ಯಂತ್ರಕ್ಕೆ ಈ ಎರಡು ಮಾತುಗಳಷ್ಟು ಒಪ್ಪುವ ಮಾತು ನನಗೆ ಬೇರೆ ಸಿಕ್ಕಿಲ್ಲ.

ಎರಡು ಬಿಂಬಗಳು ಕೂಡದ ಕಾಯಿಲೆಗೆ ಮದ್ದು ಹುಡುಕಿಕೊಂಡು ನಾನು ಬೆಂಗಳೂರಿಗೆ ಹೋದೆ. ಪೇಟೆಯ ಒಂದು ಓಣಿಯಲ್ಲಿ, ಕಿರಿದಾದ ಮೆಟ್ಟಿಲು ಹತ್ತಿದರೆ ಮಹಡಿಯ ಮೇಲೆ ಒಬ್ಬರು ಕ್ಯಾಮೆರಾ ರಿಪೇರಿಯವರು. ಅರವತ್ತೈದು ದಾಟಿದವರು. ಫಿಲ್ಮಿನ ಕಾಲದಿಂದಲೂ ಇದೇ ಕೆಲಸ. ದೊಡ್ಡಮ್ಮನ ಚಿತ್ರವನ್ನು ಅಚ್ಚು ಹಾಕಿಸಿ ಜೊತೆಗೆ ಒಯ್ದಿದ್ದೆ, ಬಾಯಲ್ಲಿ ಹೇಳುವುದಕ್ಕಿಂತ ತೋರಿಸುವುದು ಸುಲಭವೆಂದು. ಅವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಬೇರೇನೂ ಕೇಳಲಿಲ್ಲ.

“ಬಸ್ಸಲ್ಲಿ ಕೆಳಗಿಟ್ಟಿದ್ರಾ ಮೇಷ್ಟ್ರೇ?”

ಹೌದೆಂದೆ.

“ತೊಡೆ ಮೇಲೆ ಇಟ್ಕೋಬೇಕು. ಮಗೂನ ಕರ್ಕೊಂಡ್ ಹೋದಂಗೆ.”

ಲೆನ್ಸು ಬಿಚ್ಚಿ ಬಾಯೊಳಗಿನ ಗಾಲಿಯನ್ನು ಒಮ್ಮೆ ಬೆರಳಿನಿಂದ ಒತ್ತಿ ಬಿಟ್ಟರು. ಅದು ಸ್ಪ್ರಿಂಗಿನ ಬಲದಿಂದ ಮರಳಿ ಬಂದ ಬಗೆಯನ್ನು ಎರಡು ಮೂರು ಸಲ ನೋಡಿದರು. ಆಮೇಲೆ ಲೆನ್ಸನ್ನು ಮತ್ತೆ ಹಾಕಿ, ಅನಂತದ ಗುರುತಿಗೆ ತಿರುಗಿಸಿ, ಕ್ಯಾಮೆರಾವನ್ನು ಕಿಟಕಿಯಾಚೆ ಬಹಳ ದೂರದಲ್ಲಿ ಕಾಣುವ ಒಂದು ಮೊಬೈಲ್ ಗೋಪುರಕ್ಕೆ ಹಿಡಿದರು. ನನಗೂ ತೋರಿಸಿದರು. ಗೋಪುರದ ತುದಿ ಒಂದಲ್ಲ, ಎರಡು. ಪಕ್ಕಕ್ಕೆ ಒಂದಿಷ್ಟು, ಮೇಲಕ್ಕೆ ಒಂದಿಷ್ಟು ಸರಿದು ನಿಂತಿದ್ದವು. ಊರಿನಲ್ಲಿ ತಿಳಿಯಾದ ಬೆಳಗುಗಳಲ್ಲಿ ಕುಂದಾದ್ರಿಯ ನೆತ್ತಿಗೆ ಹಿಡಿದು ನಾನೂ ಇದನ್ನು ನೋಡಿದ್ದೆ, ಬೆಟ್ಟದ ತುದಿ ಕರಗಿದ ಹಾಗಿರುವುದರಿಂದ ಗೊತ್ತಾಗಿರಲಿಲ್ಲ.

ಪಕ್ಕದ ತಪ್ಪಿಗೆ ಗಾಲಿಯ ಬಳಿ ಒಂದು ತಿರುಪು, ಮೇಲಿನ ತಪ್ಪಿಗೆ ಒಂದು ಪುಟ್ಟ ಮುಚ್ಚಳದ ಅಡಿಯಲ್ಲಿ ಇನ್ನೊಂದು. ಅವರು ತಿರುಗಿಸಿದ್ದು ನನ್ನ ಕಣ್ಣಿಗೆ ಕಾಣಲೇ ಇಲ್ಲ. ಉಸಿರು ಬಿಗಿಹಿಡಿದು ಕೈಯನ್ನು ಇಟ್ಟರು, ತೆಗೆದರು, ಗೋಪುರ ನೋಡಿದರು. ಮತ್ತೆ ಇಟ್ಟರು. ದೂರ ಸರಿಯಾದರೆ ಹತ್ತಿರ ಕೆಡುತ್ತದೆ, ಹತ್ತಿರ ಸರಿಮಾಡಿದರೆ ದೂರ ಸ್ವಲ್ಪ ಅಲುಗುತ್ತದೆ. ಹಾಗೆ ಎರಡನ್ನೂ ಒಲಿಸಿಕೊಳ್ಳುತ್ತ ಮುಕ್ಕಾಲು ಗಂಟೆ ಕಳೆಯಿತು. ಗೋಡೆಗೆ ಒಂದು ಅಳತೆಪಟ್ಟಿ ಓರೆಯಾಗಿ ಅಂಟಿಸಿದ್ದರು. ನನ್ನ ಒಂಬತ್ತು ಅಡಿಕೆಯ ಸಾಲಿನ ಕೆಲಸವನ್ನು ಅದು ಮಾಡುತ್ತಿತ್ತು. ಕೊನೆಗೆ ಒಂದು ಹನಿ ಅರಗಿನಂಥದನ್ನು ತಿರುಪಿನ ತಲೆಗೆ ಇಟ್ಟು, ಇನ್ನು ಅಲುಗದ ಹಾಗೆ ಕೂರಿಸಿದರು.

ಆಗ ನಾನು ಇನ್ನೊಂದು ದೂರನ್ನೂ ಮುಂದಿಟ್ಟೆ. ಎರಡು ವರ್ಷದಿಂದ ಚಿತ್ರಗಳ ಕತ್ತಲೆಯ ಭಾಗದಲ್ಲಿ ಮೇಲಿಂದ ಕೆಳಗೆ ಒಂದು ಸಣ್ಣ ಗೆರೆ ಬೀಳುತ್ತಿತ್ತು, ಬಿಳಿ ನೂಲು ಎಳೆದಂತೆ. ಸೆನ್ಸರಿನಲ್ಲಿ ಒಂದು ಸಾಲು ಕೆಟ್ಟಿದೆ ಎಂದರ್ಥ. ಕಂಪ್ಯೂಟರ್ ಜೋಡಿಸಿ ಆ ಸಾಲನ್ನು ಲೆಕ್ಕಕ್ಕೆ ಹಿಡಿಯಬೇಡ ಎಂದು ಕ್ಯಾಮೆರಾಗೆ ಹೇಳಿಕೊಟ್ಟರೆ ಸರಿಯಾಗುವಂಥದು. ತಯಾರಿಸಿದವರಿಗೆ ಬರೆದಿದ್ದೆ. ಆ ಮಾದರಿಗೆ ಈಗ ಸೇವೆ ಇಲ್ಲ, ಬಿಡಿಭಾಗಗಳೂ ಇಲ್ಲ ಎಂದು ವಿನಯವಾಗಿಯೇ ಉತ್ತರ ಬಂದಿತ್ತು. ರಿಪೇರಿಯವರು ಕ್ಯಾಮೆರಾವನ್ನು ನನ್ನ ಕೈಗೆ ಕೊಡುತ್ತ ಹೇಳಿದರು: “ತಿರುಪು ಎಲ್ಲಿದೆ ತೋರ್ಸಿ ಸಾರ್, ತಿರುಗಿಸ್ತೀನಿ. ಇದಕ್ಕೆ ತಿರುಪಿಲ್ಲ.”

ಮೆಟ್ಟಿಲಿಳಿಯುವಾಗ ಆ ಮಾತು ಜೊತೆಗೇ ಬಂತು. ನನ್ನ ಕ್ಯಾಮೆರಾದ ಹಳೆಯ ಅರ್ಧ ಮೂರು ಸಲ ಸರಿ ತಪ್ಪಿದೆ. ಮೂರು ಸಲವೂ ಯಾರೋ ಒಬ್ಬರ ಬೆರಳು ಅದನ್ನು ದಾರಿಗೆ ತಂದಿದೆ. ಹೊಸ ಅರ್ಧ, ನಿಶ್ಚಿತಾರ್ಥದ ಆ ಒಂದು ದಿನ ಬಿಟ್ಟರೆ, ಹತ್ತು ವರ್ಷ ಒಂದು ಮಾತಾಡದೆ ಕೆಲಸ ಮಾಡಿತು. ಈಗ ಬಿಟ್ಟ ಒಂದು ಗೆರೆಯನ್ನು ತಿದ್ದಲು ಭೂಮಿಯ ಮೇಲೆ ಒಬ್ಬರೂ ಇಲ್ಲ. ಕೆಡುವುದಕ್ಕೆ ನನ್ನ ತಕರಾರಿಲ್ಲ. ಮಚ್ಚಿನ ಹಿಡಿ ಸಡಿಲವಾಗುತ್ತದೆ, ಏಣಿಯ ಮೆಟ್ಟಿಲು ಮುರಿಯುತ್ತದೆ, ಅಡಿಕೆ ಬೇಯಿಸುವ ಹಂಡೆ ತೂತು ಬೀಳುತ್ತದೆ. ಊರಿನಲ್ಲಿ ಅವುಗಳಿಗೆಲ್ಲ ಕೈಯಿದೆ. ಹತ್ತು ವರ್ಷ ತುಂಬಿತೆಂಬ ಕಾರಣಕ್ಕೆ ಒಂದು ವಸ್ತುವಿನ ತಯಾರಕರೇ ಅದರ ಕೈಬಿಡುವುದು ಮಾತ್ರ ನನಗೆ ಒಪ್ಪಿಗೆಯಾಗುವುದಿಲ್ಲ. ಇಂಥದೊಂದು ಯಂತ್ರವನ್ನು ಇಷ್ಟು ಹಣ ಕೊಟ್ಟು ಕೊಳ್ಳುವವನಿಗೆ, ಕೊನೆಯ ಪಕ್ಷ ಆ ಗೆರೆ ಅಳಿಸುವ ತಂತ್ರಾಂಶವನ್ನಾದರೂ ಬಿಟ್ಟುಕೊಡಬಹುದಿತ್ತು. ಯಾರಾದರೂ ಜಾಣ ಹುಡುಗರು ಮುಂದಿನದನ್ನು ನೋಡಿಕೊಳ್ಳುತ್ತಿದ್ದರು.

ಮಾರಿ ಹೊಸದು ತೆಗೆದುಕೊಳ್ಳಿ ಎಂದು ಅಳಿಯ ಹೇಳುತ್ತಾನೆ. ಅವನ ಮಾತಿನಲ್ಲಿ ತಪ್ಪಿ‌ಲ್ಲ. ಆದರೆ ಯಾವ ಬೆಳಕಿನಲ್ಲಿ ಇದು ಎಷ್ಟು ಕತ್ತಲೆ ಮಾಡುತ್ತದೆ, ಉಂಗುರವನ್ನು ಯಾವ ಕಡೆಯಿಂದ ತಿರುಗಿಸಿ ತಂದರೆ ಬಿಂಬ ಸರಿಯಾಗಿ ಕೂರುತ್ತದೆ, ಎಷ್ಟು ಚಿತ್ರಗಳಾದ ಮೇಲೆ ಒಂದು ಕ್ಷಣ ಉಸಿರಾಡಲು ಬಿಡಬೇಕು, ಎಲ್ಲ ನನ್ನ ಬೆರಳಿಗೆ ಗೊತ್ತು. ಗೆರೆಯನ್ನು ಬೇಕಾದ ಚಿತ್ರಗಳಲ್ಲಿ ಕಂಪ್ಯೂಟರಿನಲ್ಲಿ ಒರೆಸುತ್ತೇನೆ. ಒಂದು ಚಿತ್ರಕ್ಕೆ ಎರಡು ನಿಮಿಷ.

ಮರುವರ್ಷದ ಸುಲಿತದ ಕಾಲಕ್ಕೆ ಮತ್ತೆ ಊರಿಗೆ ಹೋದೆ. ಬಸ್ಸಿನಲ್ಲಿ ಚೀಲ ತೊಡೆಯ ಮೇಲಿತ್ತು. ಅದೇ ಜಗಲಿ, ಅದೇ ಬಲ್ಬು, ಅದೇ ಮಣೆ. ದೊಡ್ಡಮ್ಮ ಕತ್ತಿಯ ಮುಂದೆ ಕೂತಿದ್ದಳು, ಕೈ ಮಾತ್ರ ಒಂದಿಷ್ಟು ನಿಧಾನ. ಮಬ್ಬು ಚೌಕದಲ್ಲಿ ಅವಳ ಕಣ್ಣಿನ ಹೊಳಪು ಎರಡಾಗಿ ಕಂಡಿತು. ಉಂಗುರ ತಿರುಗಿಸಿದೆ. ಎರಡನೆಯದು ಬಂದು ಮೊದಲನೆಯದರೊಳಗೆ ಸೇರಿಕೊಂಡಿತು. ಒತ್ತಿದೆ.

ಆ ಸಲ ಶಿವಮೊಗ್ಗಕ್ಕೆ ಬಂದವನೇ ಅಚ್ಚು ಹಾಕಿಸಿ ಮುಂದಿನ ವಾರವೇ ಒಯ್ದು ಕೊಟ್ಟೆ. ಅವಳು ಕೈತೊಳೆದು, ಸೆರಗಿಗೆ ಒರೆಸಿಕೊಂಡು, ಕನ್ನಡಕ ಹಾಕಿಕೊಂಡು ಚಿತ್ರವನ್ನು ಹತ್ತಿರ ಹಿಡಿದಳು, ದೂರ ಹಿಡಿದಳು, ಮತ್ತೆ ಒಂದಿಷ್ಟು ಹತ್ತಿರ ತಂದಳು. ಅವಳ ಕಣ್ಣು, ರೆಪ್ಪೆ, ರೆಪ್ಪೆಯ ಕೆಳಗಿನ ಸುಕ್ಕು, ಕಣ್ಣಿನೊಳಗೆ ಪುಟ್ಟ ಬಲ್ಬು, ಎಲ್ಲ ಇತ್ತು. ಹಿಂದಿನ ಕತ್ತಲೆಯಲ್ಲಿ ಆ ಬಿಳಿ ಗೆರೆಯೂ ಇತ್ತು, ನಾನು ಒರೆಸಿರಲಿಲ್ಲ.

“ಇದೇನೋ ದಾರ?”

“ಕ್ಯಾಮೆರಾದ್ದು ದೊಡ್ಡಮ್ಮ. ಅದಕ್ಕೂ ವಯಸ್ಸಾಯ್ತು.”

ಅವಳು ತಲೆಯಾಡಿಸಿದಳು. ಚೀಲದಲ್ಲಿ ಹಿಂದಿನ ವರ್ಷದ ಅಚ್ಚೂ ಇತ್ತು, ಬೆಂಗಳೂರಿಗೆ ಒಯ್ದದ್ದು. ಇವೆರಡರಲ್ಲಿ ಎಷ್ಟು ವ್ಯತ್ಯಾಸವಿದೆ ನೋಡು ಎಂದು ತೋರಿಸಲು ತೆಗೆದೆ. ಅವಳು ಅದನ್ನೂ ಹಿಡಿದಳು. ಈ ಬಾರಿ ಹತ್ತಿರ ತಂದವಳು ಮತ್ತೆ ದೂರ ಮಾಡಲಿಲ್ಲ.

“ಇದು ನನಗೆ ಕೊಡು ಮಾರಾಯ.”

“ಅದರಲ್ಲಿ ಕಣ್ಣೇ ಬಂದಿಲ್ಲವಲ್ಲ ದೊಡ್ಡಮ್ಮ.”

“ಕಣ್ಣು ಇರಲಿ. ಇದು ನಿನ್ನ ದೊಡ್ಡಪ್ಪ ಮಾಡಿಸಿದ್ದು. ಮದುವೆಯಾಗಿ ಮೂರನೇ ವರ್ಷ, ಅಡಿಕೆ ಮಾರಿ ಬರುವಾಗ ತಂದಿದ್ದು. ಹಾಕಿಕೊಂಡವಳಿಗೆ ಕಾಣ್ತದೇನು? ಕನ್ನಡಿಯಲ್ಲಿ ಇಷ್ಟು ಹತ್ತಿರದಿಂದ ನಾನು ಯಾವತ್ತೂ ನೋಡಲಿಲ್ಲ.”

ಎಡಗೈಯ ತೋರುಬೆರಳಿನಿಂದ ಒಮ್ಮೆ ಮೂಗಿನ ಮೇಲಿದ್ದದ್ದನ್ನು ಮುಟ್ಟಿಕೊಂಡಳು, ಒಮ್ಮೆ ಚಿತ್ರದಲ್ಲಿದ್ದದ್ದನ್ನು ಮುಟ್ಟಿದಳು. ಆಮೇಲೆ ಚಿತ್ರವನ್ನು ಗೋಡೆಯ ಮೊಳೆಗೆ ನೇತುಹಾಕಿದ್ದ ಪಂಚಾಂಗದೊಳಗೆ ಸೇರಿಸಿ, ಕನ್ನಡಕ ತೆಗೆದಿಟ್ಟು, ಬುಟ್ಟಿಯಿಂದ ಇನ್ನೊಂದು ಅಡಿಕೆ ತೆಗೆದುಕೊಂಡಳು.